ಮೊಮ್ಮಗಳ ಹೆಸರು ಟಿವಿಗೆ ಮೊದಲೇ ಗೊತ್ತಿತ್ತು

ನನ್ನ ಮೊಮ್ಮಗಳಿಗೆ ಹೆಸರಿಟ್ಟಾಯಿತು. ಇಂಚರ. ಭಾನುವಾರದಿಂದ ದಿನಕ್ಕೆ ನೂರು ಸಲ ಕರೆಯುತ್ತಿದ್ದೇನೆ. ಮೂರು ತಿಂಗಳ ಕೂಸು, ತಿರುಗಿ ನೋಡುವುದಿಲ್ಲ. ನೋಡದಿದ್ದರೇನಂತೆ? ನಿಮಗೆ ಹೇಳಿದೆನಲ್ಲ, ಎದೆ ಹಗುರಾಯಿತು.

ಆದರೆ ಈ ಹೆಸರು ಮಗುವಿಗಿಂತ ಮೊದಲು ನಮ್ಮ ಮನೆಯ ಟಿವಿಗೆ ಗೊತ್ತಾಗಿತ್ತು.

ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಅಲ್ಲಿಯವರೆಗೆ ಅದು ಗುಟ್ಟು. ಅಳಿಯನ ಅಕ್ಕ ಗಿರಿಜಾ ಇರುವುದು ಭದ್ರಾವತಿಯಲ್ಲಿ. ಮಕ್ಕಳಿಲ್ಲ. ಆ ಕಾರಣಕ್ಕೇ ಬೇರೆ ಮನೆಗಳ ತೊಟ್ಟಿಲ ಶಾಸ್ತ್ರದಲ್ಲಿ ಅವಳನ್ನು ಹಿಂದೆ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಈ ಹೆಸರು ಅವಳೇ ಆರಿಸಿದ್ದು. ಮಗಳು, ಅಳಿಯ, ನಾನು, ಮೂವರಿಗೇ ಹೇಳಿದ್ದಳು.

"ಅಮ್ಮಾ, ಮೊದ್ಲು ಅವಳ ಕಿವಿಗೆ ಬೀಳ್ಲಿ. ಆಮೇಲೆ ಊರಿಗೆ" ಎಂದಿದ್ದಳು ಗಿರಿಜಾ.

ನಾನು ಯಾರಿಗೂ ಹೇಳಲಿಲ್ಲ, ಆಣೆಗೂ. ಆದರೆ ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಬೇಕಲ್ಲ? ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಫೋನಿಗೆ ಹೇಳಿದೆ. (ನನಗೆ ಟೈಪ್ ಮಾಡಲು ಬರುವುದಿಲ್ಲ, ಮೈಕ್ ಒತ್ತಿ ಮಾತಾಡುತ್ತೇನೆ.) ಇಂಚರ ಎಂದರೆ ಏನು, ಹೇಗೆ ಬರೆಯುವುದು, ಎಲ್ಲ ಕೇಳಿದೆ. ಫೋನು ಮನುಷ್ಯರಲ್ಲವಲ್ಲ ಎಂಬ ಧೈರ್ಯ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಸುಮಿತ್ರಮ್ಮ ಹೂವು ಕೊಡಲು ಬಂದರು. ಟಿವಿ ಹಾಕಿತ್ತು. ಅದರ ತುಂಬ ಸಾಲಾಗಿ ವಿಡಿಯೋಗಳು: ಇಂಚರ ಹೆಸರಿನ ಅರ್ಥ, ಇಂಚರ ಹೆಸರಿನ ಭವಿಷ್ಯ.

"ಓ, ಇಂಚರ ಅಂತಾನಾ? ಚೆನ್ನಾಗಿದೆ ಬಿಡಿ."

ಅಷ್ಟರಲ್ಲಿ ಗಿರಿಜಾಳ ಫೋನು. "ಮಲವಗೊಪ್ಪ ದಾಟಿದ್ವಿ ಅಮ್ಮಾ, ಇನ್ನೊಂದು ಕಾಲು ಗಂಟೆ."

ನಾನು ಟಿವಿಗೆ ಅಡ್ಡ ನಿಂತೆ. ಅವಳು ನೋಡಿದರೆ ಏನೆಂದುಕೊಳ್ಳುತ್ತಾಳೆ? ಇಲ್ಲೂ ನನ್ನನ್ನು ಬಿಟ್ಟು ಮುಗಿಸಿದರು ಎಂದೇ ತಾನೆ?

"ಟಿವಿ ವೈರ್ ಕಿತ್ತುಬಿಡ್ಲೇನೇ?" ಎಂದೆ ಮಗಳು ಸವಿತಾಗೆ.

"ವೈರ್ ಏನ್ ಮಾಡ್ತು ಮಾರಾಯ್ತಿ? ಫೋನಿಗೂ ಟಿವಿಗೂ ಒಂದೇ ಅಕೌಂಟ್. ಫೋನ್ ಕೊಡಿಲ್ಲಿ."

ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸೆಟ್ಟಿಂಗ್ಸ್ ತೆಗೆದಳು. ನಾನು ಕೇಳಿದ್ದೆಲ್ಲ ಅಲ್ಲಿ ಕೂತಿತ್ತು. ಒಂದನ್ನು ಒತ್ತಿದಳು. ನನ್ನದೇ ಧ್ವನಿ: "ಇಂಚರಾ, ಅಜ್ಜಿ ಹತ್ರ ಬಾರೇ."

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದೆ ಎಂದುಕೊಂಡಿದ್ದೆನಲ್ಲ?

ಅದನ್ನೆಲ್ಲ ಅಳಿಸಿದಳು. ಇನ್ನು ಮುಂದೆ ಸೇವ್ ಮಾಡಬೇಡ ಎಂದು ಅದಕ್ಕೆ ಹೇಳಿಟ್ಟಳು. ಟಿವಿಯನ್ನು ನನ್ನ ಅಕೌಂಟಿನಿಂದ ಬಿಡಿಸಿದಳು. ಆಮೇಲೆ ಫೋನನ್ನು ಕನ್ನಡಕ್ಕೆ ತಿರುಗಿಸಿ ನನ್ನ ಕೈಗೇ ಕೊಟ್ಟಳು. "ಇನ್ನು ನೀನೇ ನೋಡು."

ನೋಡಿದೆ. ಟಾರ್ಚಿನ ಆ್ಯಪ್ ನನ್ನ ಮೈಕ್ ಹಿಡಿದುಕೊಂಡಿದೆ. ಪಂಚಾಂಗದ ಆ್ಯಪಿಗೆ ನಾನು ಎಲ್ಲಿದ್ದೇನೆಂದು ಗೊತ್ತು.

"ಇವನ್ನ ಯಾರೇ ಒಳಗೆ ಬಿಟ್ಟಿದ್ದು?"

"ನೀನೇ. 'ಅಲೌ' ಅಂತ ಕೇಳಿದ್ದಕ್ಕೆಲ್ಲ ಒತ್ತಿದ್ದೀಯ."

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಹೌದು ಎನ್ನುವುದೇ ಮರ್ಯಾದೆ ಎಂದುಕೊಂಡಿದ್ದೆ. ನಿಮ್ಮಲ್ಲಿ ಎಷ್ಟು ಜನ ಹಾಗೆ ಒತ್ತಿಲ್ಲ, ಹೇಳಿ? ಈಗ ಒಂದೊಂದಕ್ಕೂ ನಾನೇ ಬೇಡ ಒತ್ತಿದೆ. ಟಾರ್ಚು ಈಗಲೂ ಉರಿಯುತ್ತದೆ.

ಸುಮಿತ್ರಮ್ಮ ಏಳುತ್ತಾ, "ನಾನೇನೂ ನೋಡ್ಲಿಲ್ಲ ಕಣ್ರೀ" ಎಂದರು. ಹಾಗೇ ನಡೆದುಕೊಂಡರು ಕೂಡ.

ಗಿರಿಜಾ ಬಂದಳು. ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಗೆ ಬಾಯಿಟ್ಟಳು. ಹೆಸರನ್ನು ಮೂರು ಸಲ ಹೇಳುವುದಕ್ಕೆ ಅಷ್ಟು ಹೊತ್ತು ಬೇಡ. ಅವಳು ಏಳಲೇ ಇಲ್ಲ. ನಾವು ಕಾದೆವು.

ಸಂಜೆ ಎಲ್ಲರೂ ಒಟ್ಟಿಗೆ ಹೋಳಿಗೆ ಊಟಕ್ಕೆ ಕುಳಿತೆವು. ಅಳಿಯ ಕೆಣಕಿದ. "ಅಕ್ಕಾ, ಹೆಸರು ಹೇಳಿದ್ಮೇಲೆ ಇನ್ನೇನೋ ಹೇಳ್ತಿದ್ದೆ. ಏನದು?"

"ಅದು ನನಗೂ ಅವಳಿಗೂ ಇರೋ ಮಾತು" ಎಂದಳು ಗಿರಿಜಾ, ತುಪ್ಪದ ಕಡೆ ಕೈ ಚಾಚುತ್ತಾ.

ಎಲೆಯ ಮುಂದೆ ಕುಳಿತ ಹನ್ನೊಂದು ಜನರಲ್ಲಿ ಒಬ್ಬರೂ ಮತ್ತೆ ಕೇಳಲಿಲ್ಲ. ಇಷ್ಟು ಮರ್ಯಾದೆ ಕಲಿಯಲು ಯಾವ ಕ್ಲಾಸಿನವರೆಗೆ ಓದಬೇಕು?