ಗೋಡೆಯಾಚೆ ಬಿದ್ದ ಉಣ್ಣೆ

ಗುರುಪುರದ ಹತ್ತಿರದ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಕೊಟ್ಟಿಗೆಯಲ್ಲಿ ಕರೆಯುವ ಹಸು ಒಂದೇ. ಅದರ ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ ಉಣ್ಣೆಗಳು ರಕ್ತ ಹೀರಿ ಹರಳುಬೀಜದಂತೆ ಊದಿಕೊಂಡಿರುತ್ತಿದ್ದವು. ಅತ್ತೆ ದಿನವೂ ಅವನ್ನು ಕಿತ್ತು ಕೆಂಡಕ್ಕೆ ಹಾಕುತ್ತಿದ್ದರು. ಸೋಮವಾರ ಮಾತ್ರ, ಕಿತ್ತದ್ದನ್ನು ಜೀವಸಹಿತ ಗೋಡೆಯಾಚೆ ಎಸೆಯುತ್ತಿದ್ದರು. ಹಸುವನ್ನು ಬಿಸಿಲಿಗೆ ಕಟ್ಟುತ್ತಿದ್ದದ್ದು ಅಲ್ಲೇ.

"ಅವು ತಿರುಗಾ ಬತ್ತವೆ ಅತ್ತೆ."

"ಬಸವಣ್ಣನ ದಿನ ಕಣವ್ವ. ಎತ್ತಿನ ಎಗಲಿಗೆ ನೊಗಾನೇ ಇಡಾಕಿಲ್ಲ, ಇನ್ನು ಜೀವ ತಗೀತಾರಾ?"

"ಅಂಗಾರೆ ನಾಳೀಕೆ ಕೀಳಿ."

"ನಾಳೀಗಂಟ ಅದು ರಕ್ತ ಕೊಡ್ಬೇಕಾ? ಸುಮ್ಕಿರು."



ಕರು ಹಾಕಿದ ಮೇಲೆ ಹಸು ಸೊರಗಿತು. ಒಂದು ಸೋಮವಾರ ಮಾವ ಬೇಸತ್ತು ಹೊಗೆಸೊಪ್ಪಿನ ಕಡ್ಡಿ, ಪುಡಿಗಳನ್ನು ಬೇಯಿಸಿ, ಆ ಕಪ್ಪು ನೀರನ್ನು ಹಸುವಿನ ಮೈಗೂ ಕೆಚ್ಚಲಿಗೂ ಬಳಿದರು. ಅದು ಮೈ ನೆಕ್ಕಿಕೊಳ್ಳದಂತೆ ಬಾಯಿಗೆ ಕುಕ್ಕೆ ಕಟ್ಟಿದರು. ಅಷ್ಟು ಎಚ್ಚರ ಅವರಿಗಿತ್ತು. ಸಂಜೆಗೆ ಉಣ್ಣೆಗಳು ಉದುರತೊಡಗಿದವು.

"ನೋಡ್ದಾ? ನಿನ್ ಬಸವಣ್ಣನಿಗೂ ಕ್ವಾಪ ಬರ್ನಿಲ್ಲ" ಎಂದು ಅತ್ತೆಯನ್ನು ಹಂಗಿಸಿದರು.

ಕರು ಚೀಪದೆ ಆ ಹಸು ಹಾಲು ಇಳಿಸುತ್ತಿರಲಿಲ್ಲ. ಕರೆಯುವ ಹೊತ್ತಿಗೆ ಮಾವ ಎಂದಿನಂತೆ ಕರುವಿನ ಹಗ್ಗ ಬಿಚ್ಚಲು ಹೋದರು.

"ಕೆಚ್ಚಲು ತೊಳೀಬ್ಯಾಡ್ವಾ ಮಾವ?"

"ತೊಳುದ್ರೆ ಅಲ್ಲಿರೋವು ಎಂಗವ್ವಾ ಸಾಯ್ತವೆ?"

ಕರು ಓಡಿಹೋಗಿ ಬಾಯಿ ಹಾಕಿತು. ಸ್ವಲ್ಪ ಹೊತ್ತಿಗೆ ಜೊಲ್ಲು ಸುರಿಯಿತು. ಮುಂಗಾಲುಗಳು ನಡುಗಿ ಮಡಿಚಿಕೊಂಡವು. ಬಾಯಿ ತೊಳೆದೆವು, ಮೈ ಉಜ್ಜಿದೆವು. ದನದ ಡಾಕ್ಟರು ಇದ್ದದ್ದು ದೂರದ ಪಿರಿಯಾಪಟ್ಟಣದಲ್ಲಿ. ದೀಪ ಹಚ್ಚುವ ಮೊದಲೇ ಅದರ ಉಸಿರು ನಿಂತಿತು. ಹಸು ಕುಕ್ಕೆ ಕಟ್ಟಿದ ಮೂತಿಯಿಂದಲೇ ಅದನ್ನು ತಿವಿದು ಎಬ್ಬಿಸಲು ನೋಡುತ್ತಿತ್ತು.

ಹೊಗೆಸೊಪ್ಪಿನ ನೀರನ್ನು ಮತ್ತೆ ಯಾರೂ ಕಾಯಿಸಲಿಲ್ಲ. ಕರುವಿನ ತೊಗಲಿಗೆ ಹುಲ್ಲು ತುಂಬಿಸಿ ಹಸುವಿನ ಮುಂದೆ ನಿಲ್ಲಿಸಿದರು. ಹಸು ಅದನ್ನು ನೆಕ್ಕುತ್ತಾ ಹಾಲು ಇಳಿಸಿತು. ಉಣ್ಣೆಗಳೂ ಮತ್ತೆ ಬಂದವು.

ಸೋಮವಾರ ಅತ್ತೆ ಅವನ್ನು ಕಿತ್ತು ಗೋಡೆಯಾಚೆ ಎಸೆದರು. ನಾನು ಒಂದು ಓಡಿನ ಚೂರಿನಲ್ಲಿ ಕೆಂಡ ಹಿಡಿದು ಆಚೆ ಬದಿಗೆ ಹೋಗಿ ಕೂತೆ.

ಗೋಡೆಯ ಒಳಬದಿಯಿಂದ ಅತ್ತೆಯ ದನಿ ಕೇಳಿತು: "ಎಲ್ಲಾ ಸಿಕ್ಕುದ್ವಾ?"

"ಒಂದು ಕಲ್ಲಿನ ಸಂದಿಗೆ ಓಯ್ತು."

"ಉಡುಕು ಮತ್ತೆ" ಎಂದರು.