ಟಿಕೆಟ್ ಇಲ್ಲದೆ ರೈಲು ಹತ್ತಿದ ನಾಯಕಿ

ಗೆಳೆಯರೇ, ತೆಲುಗು ನಾಡಿನಲ್ಲಿರುವ ನಮ್ಮ ಹಿಮಾಯತ್‌ನಗರದ ಪುಟ್ಟ ಕನ್ನಡ ಗ್ರಂಥಾಲಯದಲ್ಲಿ ಇವತ್ತು ಹರೆಯದ ಮಕ್ಕಳಿಗೆ ಯೋಗ್ಯ ಕಾದಂಬರಿಗಳ ಪಟ್ಟಿ ತಯಾರಾಯಿತು. ತಯಾರಿಸಿದವರು ದೇಸಾಯರು, ಮಲ್ಕಾಜ್‌ಗಿರಿಯ ನಿವೃತ್ತ ಟಿ.ಸಿ., ಅಂದರೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಪಟ್ಟಿಯಲ್ಲಿ ಹತ್ತು ಪುಸ್ತಕ. ಇಲ್ಲಿನ ರಿಜಿಸ್ಟರ್ ಬರೆಯುವವನು ನಾನೇ ಆದ್ದರಿಂದ ಹೇಳುತ್ತೇನೆ: ಅದರಲ್ಲಿ ಎಂಟನ್ನು ಇದುವರೆಗೆ ಜಿರಳೆ ಬಿಟ್ಟು ಯಾರೂ ಮುಟ್ಟಿಲ್ಲ.

ಹದಿನಾರರ ಪಲ್ಲವಿ ಪಟ್ಟಿಯಲ್ಲಿಲ್ಲದ ಒಂದು ಕಾದಂಬರಿ ಹಿಡಿದು ಬಂದಳು. ಮನೆ ಬಿಟ್ಟು ಓಡುವ ಹುಡುಗಿಯ ಕಥೆ.

“ಅಜ್ಜಾರ, ನನಗ ಇದ ಬೇಕ್ರಿ.”

“ಅದು ಬ್ಯಾಡವಾ. ಆಕಿ ಮನೀ ಬಿಟ್ಟಿದ್ದು ಹೋಗ್ಲಿ, ಟಿಕೀಟಿಲ್ಲದ ರೈಲು ಹತ್ತತಾಳ!”

“ಎಲ್ಲಿ ಐತ್ರಿ? ಓದಿ ತೋರಸ್ರಿ. ಸಾಲ್ಯಾಗ ತೆಲುಗು ನಂದು, ಕನ್ನಡ ಓದೂದು ಭಾಳ ನಿಧಾನ.”

ಇಲ್ಲಿನ ನಮ್ಮ ಮಕ್ಕಳಿಗೆ ಕನ್ನಡ ಬಾಯಲ್ಲಿದೆ, ಕಣ್ಣಿಗಿನ್ನೂ ಇಳಿದಿಲ್ಲ. ದೇಸಾಯರು ಸಾಕ್ಷಿಗೆಂದು ಗಟ್ಟಿಯಾಗಿ ಓದತೊಡಗಿದರು. ಒಂದು ಪುಟ ಐದಾಯಿತು. ಅಲ್ಲೇ ಕೂತಿದ್ದ ಉಳಿದ ಮಕ್ಕಳೂ ಫೋನು ಕೆಳಗಿಟ್ಟರು. ಕಥೆಯಲ್ಲಿ ಟಿ.ಸಿ. ಬೋಗಿ ಹತ್ತಿದ. ದೇಸಾಯರು ತಟ್ಟನೆ ನಿಲ್ಲಿಸಿದರು.

“ನೋಡಿದ್ಯಾ? ಅದಕ್ಕ ಬ್ಯಾಡ ಅಂದೆ.”

“ಹಿಡದ್ನೇನ್ರಿ ಆಕೀನ?”

“ಹಿಡೀಲಿಲ್ಲಂದ್ರ ಅಂವಾ ಎಂಥಾ ಟಿ.ಸಿ.!” ಎನ್ನುತ್ತಲೇ ಪುಟ ತಿರುವಿದರು.

ಬಾಗಿಲು ಹಾಕುವ ಹೊತ್ತಾದರೂ ಕಥೆಯ ಹುಡುಗಿ ಸಿಕ್ಕಿಬಿದ್ದಿರಲಿಲ್ಲ. ದೇಸಾಯರು ಪುಸ್ತಕವನ್ನು ಬಗಲಿಗೇರಿಸಿ, “ಮನ್ಯಾಗ ತಪಾಸ್ ಮಾಡತೀನಿ. ಆದಿತ್ಯವಾರ ಬರ್ರಿ ಎಲ್ಲಾರೂ, ಮುಂದಿಂದು ಓದತೀನಿ,” ಎಂದರು.

ಓದಿದ ಪುಟ ತಪ್ಪದಿರಲೆಂದು ಗುರುತಿಗೆ ಒಂದು ಕಾಗದವನ್ನೂ ಒಳಗಿಟ್ಟುಕೊಂಡಿದ್ದರು. ಯೋಗ್ಯ ಕಾದಂಬರಿಗಳ ಪಟ್ಟಿ.