ಟಕ್ಸ್ ಹಿಡಿದ ಮಡ್‌ಗಾರ್ಡು

ನಮ್ಮ ಕಾರು ಕಂಡವರೆಲ್ಲ ಕೇಳುವುದು ಒಂದೇ ಮಾತು: ‘ಯಾವ ದೊರೆಯದು?’ ಯಾರು ಮಾಡಿದರು ಎಂದು ಒಬ್ಬರಾದರೂ ಕೇಳಬೇಕೋ ಬೇಡವೋ? ತೆಲಂಗಾಣದ ಗಡಿಯ ಮಕ್ತಲ್‌ನಲ್ಲಿ ರಾಯಚೂರು ರಸ್ತೆಗೆ ನಮ್ಮ ಶೆಡ್ಡು. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ನಮ್ಮ ಮನೆಯವರು ಅಲ್ಲಿ ಟ್ರ್ಯಾಕ್ಟರ್ ಟ್ರಾಲಿ ಮಾಡುತ್ತಾರೆ. ಅದೇ ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಾನು ಕುಪ್ಪಸ ಹೊಲಿಯುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಟ್ರಾಲಿ ಕಂಡು ಯಾರೂ ‘ಯಾವ ದೊರೆಯದು’ ಎಂದವರಿಲ್ಲ. ಉದ್ದ ಮೂತಿಯ ಕಾರು ಕಂಡೊಡನೆ ಎಲ್ಲರ ಬಾಯಿಗೂ ದೊರೆ ಬಂದುಬಿಡುತ್ತಾನೆ.

ಆ ಕಾರಿನ ಹುಚ್ಚು ಮೊದಲು ಹತ್ತಿದ್ದು ನಮ್ಮ ಮನೆಯವರಿಗೆ. ನಮ್ಮ ಮಾವ ಬಂಡಿ ಮಾಡುವವರು. ಒಮ್ಮೆ ಗದ್ವಾಲ ಕಡೆಯ ಒಬ್ಬ ದೊರೆಯ, ಅಂದರೆ ದೊಡ್ಡ ಜಮೀನ್ದಾರನ, ಮನೆಗೆ ಕಾರು ನಿಲ್ಲಿಸುವ ಕೊಟ್ಟಿಗೆಯ ಬಾಗಿಲು ರಿಪೇರಿಗೆ ಹೋದಾಗ ಆಗಿನ್ನೂ ಚಿಕ್ಕ ಹುಡುಗನಾಗಿದ್ದ ಇವರನ್ನೂ ಕರೆದುಕೊಂಡು ಹೋಗಿದ್ದರಂತೆ. ಒಳಗೆ ಮೇಲ್ಛಾವಣಿ ಮಡಚುವ, ದುಂಡು ದೀಪದ ಹಳೆಯ ಕಾರು. ಇವರು ಎರಡು ಹೆಜ್ಜೆ ಮುಂದಿಟ್ಟಾಗ ಯಾರೋ ‘ಏ, ದೂರ!’ ಎಂದು ಗದರಿದರಂತೆ. ಮದುವೆಯಾದ ಹೊಸತರಲ್ಲಿ ಇದನ್ನು ನಗುನಗುತ್ತಾ ಹೇಳಿದ್ದರು. ನಗುವ ಮಾತೇ ಅದು? ನನಗೆ ಆಗಲೂ ನಗು ಬಂದಿರಲಿಲ್ಲ.

ಅದೇ ಕಾರಿನ ಒಂದು ಫೋಟೋ ನಮ್ಮೂರಿನ ಸ್ಟುಡಿಯೋ ಗೋಡೆಯ ಮೇಲೆ ತೂಗುತ್ತದೆ. ಮೂರು ವರ್ಷದ ಹಿಂದೆ ಇವರು ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದರು. ‘ಇಂಥಾದ್ದೊಂದು ನಾವ ಮಾಡೂಣ’ ಎಂದರು. ನಾನು ಹಣೆ ಬಡಿದುಕೊಂಡೆ. ಆದರೆ ಕೆಲಸವನ್ನು ಕಾಯ್ದೆ ಪ್ರಕಾರವೇ ಹಿಡಿದರು. ಎಂಜಿನ್ನೂ ಚಾಸಿಯೂ ಗಟ್ಟಿಯಿದ್ದ, ಆರ್.ಸಿ. ಸರಿಯಿದ್ದ ಹಳೆಯ ಜೀಪು ತಂದರು. ಮೈ ಬದಲಿಸಲು ಮೊದಲೇ ಅರ್ಜಿ ಹಾಕಿ ಅನುಮತಿ ತೆಗೆದುಕೊಂಡರು. ಆಮೇಲೆ ಜೀಪಿನ ಮೈಯನ್ನೆಲ್ಲ ಕಳಚಿ ಬರೀ ಎಲುಬಿನ ಗೂಡು ಉಳಿಸಿದರು. ಅದರ ಮೇಲಿನದೆಲ್ಲ, ಬೇವಿನ ಕಟ್ಟಿಗೆಯ ಚೌಕಟ್ಟಿನಿಂದ ಹಿಡಿದು ಬಾಗಿಲ ಹಿಡಿಯವರೆಗೆ, ನಾವೇ ಮಾಡಬೇಕು.

ಟ್ರಾಲಿಗೆ ಸಪಾಟು ತಗಡು ಸಾಕು. ಈ ಕಾರಿಗೆ ಸಪಾಟು ಎನ್ನುವುದೇ ಇಲ್ಲ. ಮುಂದಿನ ಗಾಲಿಯ ಮೇಲಿನ ಮಡ್‌ಗಾರ್ಡಿಗಾಗಿ ಇವರು ಎಂಟು ದಿನ ಸುತ್ತಿಗೆ ಬಡಿದರು. ಬಡಿದಲ್ಲಿ ತಗ್ಗು, ಬಿಟ್ಟಲ್ಲಿ ಸುಕ್ಕು. ಆ ಸಪ್ಪಳಕ್ಕೆ ನನ್ನ ತಲೆ ಸಿಡಿದುಹೋಯಿತು.

‘ರೀ, ಇದು ತಗಡು. ರೊಟ್ಟಿ ಹಿಟ್ಟಲ್ಲ, ಬಡದಂಗ ಹಿಗ್ಗಾಕ.’

‘ಹಂಗಾದ್ರ ನೀನ ಮಾಡಿ ತೋರಸು.’

‘ತೋರಸ್ತೀನಿ, ಸರೀರಿ ಆಕಡೆ.’

ಕಬ್ಬಿಣದ ಸರಳು ಬಗ್ಗಿಸಿ ಮಾಡಿದ ಅಚ್ಚಿನ ಮೇಲೆ ಹಳೆಯ ನ್ಯೂಸ್ ಪೇಪರು ಹಾಸಿದೆ. ಎಲ್ಲಿ ಉಬ್ಬು ಬೇಕೋ ಅಲ್ಲಿ ಪೇಪರನ್ನು ಚಿವುಟಿ ಟಾಚಣಿ ಚುಚ್ಚಿದೆ. ಕುಪ್ಪಸದಲ್ಲಿ ಎದೆಯ ಹತ್ತಿರ ಬಟ್ಟೆಯನ್ನು ಹೀಗೆಯೇ ಚಿವುಟಿ ಒಳಗೆ ಹೊಲಿಗೆ ಹಾಕುತ್ತೇವೆ. ಟಕ್ಸ್ ಹಿಡಿಯುವುದು ಎನ್ನುತ್ತೇವೆ. ಸಪಾಟು ಬಟ್ಟೆ ದುಂಡಗೆ ಕೂರುವುದು ಅದರಿಂದಲೇ. ಎದೆಗೆ ಕೂರುವ ಲೆಕ್ಕ ಗಾಲಿಗೆ ಕೂರದೇನು? ಪೇಪರಿನ ಅಳತೆಗೆ ತಗಡು ಕತ್ತರಿಸಿ, ಚಿವುಟಿದ ಕಡೆಯಲ್ಲೆಲ್ಲ ಸಣ್ಣ ತ್ರಿಕೋನ ತೆಗೆದೆವು. ಅಂಚಿಗೆ ಅಂಚು ಕೂಡಿಸಿ ಇವರು ಬೆಸುಗೆ ಹಾಕಿ ಉಜ್ಜಿದರು. ಮಡ್‌ಗಾರ್ಡು ಮಡ್‌ಗಾರ್ಡಾಗಿಯೇ ಎದ್ದು ನಿಂತಿತು.

‘ಎಲಾ ಇಕಿನ!’ ಎಂದರು ಇವರು. ಹೊಗಳಿದ್ದು ಅಷ್ಟೇ. ಆದರೂ ಆವತ್ತಿನ ಚಹಾ ಅವರೇ ಕಾಸಿದರು.

ಮೂತಿ, ಬಾಗಿಲು, ಬೆನ್ನು, ಎಲ್ಲವೂ ಹಾಗೆಯೇ ಆದವು. ದೀಪದ ಬುರುಡೆಗೆ ನನ್ನ ಅಡುಗೆಮನೆಯ ಎರಡು ಸ್ಟೀಲ್ ಡಬರಿ ಹೋದವು. ಪೇಪರಿನ ಅಳತೆಗಳನ್ನು ಮಾತ್ರ ನಾನು ಎಸೆಯಲಿಲ್ಲ. ಗಿರಾಕಿಗಳ ಅಳತೆ ಕುಪ್ಪಸ ಕಟ್ಟಿಡುವ ಹಾಗೆ ಸುತ್ತಿ, ಎಲ್ಲಿಯದು ಎಂದು ಒಂದೊಂದರ ಮೇಲೂ ಬರೆದು, ಹಿಂದಿನ ಸೀಟಿನ ಕೆಳಗೆ ಇಟ್ಟೆ. ನಾಳೆ ಯಾರಾದರೂ ಗುದ್ದಿದರೆ ಮತ್ತೆ ಬೇಕಲ್ಲ.

ಎರಡು ವರ್ಷ ಹಿಡಿಯಿತು. ಕಾಗದ ಆಗುವ ತನಕ ರಸ್ತೆಗಿಳಿಸಬಾರದೆಂದು ಕಾರನ್ನು ನಮ್ಮದೇ ಟ್ರಾಲಿಗೇರಿಸಿ, ಗುರುತಿನವರ ಟ್ರ್ಯಾಕ್ಟರಿಗೆ ಕಟ್ಟಿ ಆರ್.ಟಿ.ಒ. ಕಚೇರಿಯ ಮೈದಾನಕ್ಕೆ ತಪಾಸಣೆಗೆ ಒಯ್ದೆವು. ನಮ್ಮ ಕಡೆ ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುವ ಅಧಿಕಾರಿ ಮೊದಲ ಸಲ ತಪ್ಪು ಹಿಡಿದು ವಾಪಸು ಕಳಿಸಿದರು. ಬಾಗಿಲ ಅಂಚು ಚೂಪಾಗಿದೆ, ಇಂಡಿಕೇಟರ್ ಕಾಣುವುದಿಲ್ಲ, ಸೀಟ್ ಬೆಲ್ಟ್ ಗಟ್ಟಿಯಿಲ್ಲ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ತಿದ್ದಿಕೊಂಡೆವು. ಎರಡನೆಯ ಸಲ ಬ್ರೇಕು ನೋಡಿದರು, ಚಾಸಿ ನಂಬರ್ ತಾಳೆ ಹಾಕಿದರು, ಸಹಿಗೆಂದು ಪೆನ್ನು ತೆಗೆದರು.

ಆಗ ಬಂದ ಪುಣ್ಯಾತ್ಮ! ಬಿಳಿ ಅಂಗಿ, ನಲವತ್ತರ ವಯಸ್ಸು. ಗದ್ವಾಲ ಕಡೆಯ ಆ ದೊರೆಯ ಮೊಮ್ಮಗನಂತೆ. ಯಾರೋ ನಮ್ಮ ಕಾರಿನ ವಿಡಿಯೋ ಕಳಿಸಿ, ತಪಾಸಣೆಗೆ ಬಂದಿದೆ ಎಂದಿದ್ದರಂತೆ. ಬಂದವನೇ ಬಾನೆಟ್ಟಿನ ಮೇಲೆ ಕೈಯಿಟ್ಟು, ‘ಇದಿ ಮಾ ತಾತ ಕಾರು’ ಎಂದ. ಅವರ ತಾತನ ಕಾರಂತೆ! ಕೆಳಗಿನ ಚಾಸಿ ಜೀಪಿನದೇ ಇರಬಹುದು, ಮೇಲಿನ ಮೈಯೆಲ್ಲ ತಮ್ಮ ಕೊಟ್ಟಿಗೆಯಿಂದ ಕಳುವಾದದ್ದು ಎಂದ. ‘ಯಾರು ಮಾರಿದ್ರೋ ನಿನಗ?’ ಎಂದು ಇವರನ್ನು ಕೇಳಿದ.

ಇನ್‌ಸ್ಪೆಕ್ಟರ್ ಪೆನ್ನು ಮುಚ್ಚಿದರು. ‘ತಕರಾರು ಬಂದ ಮ್ಯಾಲ ಸಹಿ ಹಾಕಾಕ ಬರಂಗಿಲ್ಲ. ಠಾಣೆದಾಗ ಬಗಿಹರಿಸಿಕೊಂಡು ಬರ್ರಿ. ಅಲ್ಲೀತನಕ ಗಾಡಿ ಇಲ್ಲೇ ನಿಂದ್ರಲಿ.’

ಇಲ್ಲೇ ನಿಂತರೆ ಮುಗಿಯಿತು. ಬಿಸಿಲು ಮಳೆಗೆ ತುಕ್ಕು ತಿನ್ನುತ್ತದೆ, ಇಲ್ಲವೇ ಇವನ ಕೊಟ್ಟಿಗೆ ಸೇರುತ್ತದೆ. ಎರಡು ವರ್ಷದ ನಮ್ಮ ಬೆವರು ಕಳುವಿನ ಮಾಲಾಗಿಬಿಡುತ್ತದೆ. ನಾನು ನಮ್ಮ ಮನೆಯವರ ಮುಖ ನೋಡಿದೆ. ಹೆಗಲ ಮೇಲಿದ್ದ ಟವಲ್ಲು ಆಗಲೇ ಕಂಕುಳಿಗೆ ಇಳಿದಿತ್ತು. ಅವರ ಅಪ್ಪ ದೊರೆಗಳ ಎದುರಿಗೆ ಹಾಗೆ ನಿಲ್ಲುತ್ತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದಿನ ಸೀಟು ಎತ್ತಿ ಪೇಪರಿನ ಸುರುಳಿ ತೆಗೆದೆ. ‘ಎಡಗಡಿ ಮುಂದಿಂದು’ ಎಂದು ಬರೆದದ್ದನ್ನು ಮಡ್‌ಗಾರ್ಡಿನ ಮೇಲೆ ಹಾಸಿದೆ. ಕೂಸಿಗೆ ಕುಲಾವಿ ಕೂತ ಹಾಗೆ ಕೂತಿತು.

‘ಸಾಹೇಬ್ರ, ಬರ್ರಿ ಇಲ್ಲೆ. ಈ ಪೇಪರ್ ಯಾವ ವರ್ಷದ್ದು ಓದ್ರಿ. ಇವರ ತಾತ ಇದನ್ನ ಓದಾಕ ಸುಡುಗಾಡಿಂದ ಎದ್ದು ಬಂದಿದ್ನೇನು? ಟಾಚಣಿ ಚುಚ್ಚಿದ ತೂತು ನೋಡ್ರಿ. ಈಗ ಮಡ್‌ಗಾರ್ಡಿನ ಒಳಗ ಕೈ ಹಾಕ್ರಿ. ಎಲ್ಲಿ ಟಕ್ಸ್ ಹಿಡದೀನೋ ಅಲ್ಲೇ ಬೆಸುಗಿ ಐತಿ.’

‘ಟಕ್ಸ್ ಅಂದ್ರ ಏನಮ್ಮಾ?’

ಮೈದಾನದ ತುಂಬಾ ಗಂಡಸರು. ಎದೆ ಎಲ್ಲಿ, ಹೊಲಿಗೆ ಎಲ್ಲಿ ಎಂದು ಅವರೆದುರು ಬಿಡಿಸಿ ಹೇಳಿದೆ. ಹೇಳದೆ ಏನು ಮಾಡಲಿ? ಒಬ್ಬ ಕಿಸಕ್ಕೆಂದ. ‘ನಗಬ್ಯಾಡೋ ತಮ್ಮಾ, ನಿಮ್ಮವ್ವನ ಜಂಪರಿಗೂ ಇದ ಲೆಕ್ಕ’ ಎಂದೆ. ಅವನು ಹಿಂದೆ ಸರಿದ. ಇನ್‌ಸ್ಪೆಕ್ಟರ್ ಮೊಬೈಲ್ ಬೆಳಕು ಹಿಡಿದು, ಬಗ್ಗಿ, ಒಳಗಿನ ಗೆರೆಗಳನ್ನು ಬೆರಳಿನಿಂದ ಸವರಿ ನೋಡಿದರು. ಬಲಗಡೆಯದನ್ನೂ ಮೂತಿಯದನ್ನೂ ಹಾಸಿಸಿದರು. ಕೊನೆಗೆ ಎದ್ದು ಕೈ ಒರೆಸಿಕೊಂಡರು. ‘ಇದು ಹೊಸಾ ತಗಡ, ಹೊಸಾ ಕೆಲಸ. ಹಳೇದಂತೂ ಅಲ್ಲ’ ಎಂದು ಅಲ್ಲಿಯೇ ಸಹಿ ಹಾಕಿದರು.

ಅಷ್ಟೊತ್ತಿಗೆ ಆ ಮೊಮ್ಮಗ ತಪ್ಪಾಯಿತು ಎನ್ನಬೇಕಿತ್ತಲ್ಲವೇ? ನಮ್ಮನ್ನು ಕಳ್ಳರೆಂದಿದ್ದ. ಅವನು ಕಾರನ್ನು ಒಂದು ಸುತ್ತು ಹಾಕಿ, ತನಗಿಂತ ಹದಿನೈದು ವರ್ಷ ಹಿರಿಯರಾದ ನಮ್ಮ ಮನೆಯವರ ಭುಜ ತಟ್ಟಿದ. ‘ಚಲೋ ಮಾಡೀಯೋ. ಇರ್ಲಿ, ಇಟ್ಕೋ ಹೋಗು. ನಾ ಬಿಟ್ಟುಕೊಟ್ಟೀನಿ.’

ಇಟ್ಟುಕೋ ಅಂತೆ! ಬಿಟ್ಟುಕೊಟ್ಟನಂತೆ! ಯಾರದನ್ನು ಯಾರು ಬಿಟ್ಟುಕೊಡುವುದು? ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಎರಡೂ ಕೈ ಮುಗಿದು ಬಗ್ಗಿದರು.

‘ಮೀ ದಯ, ದೊರಾ.’

ನಿಮ್ಮ ದಯೆ ಎಂದರು. ನನ್ನ ಎರಡೂ ಕಿವಿಯಾರೆ ಕೇಳಿದೆ. ಅವನ ಗಾಡಿ ಗೇಟು ದಾಟಿದ ಮೇಲೆ ನನ್ನ ಸಿಟ್ಟಿಗೆ ಸಿಕ್ಕವರು ಇವರೊಬ್ಬರೇ.

‘ಎಲ್ಲೈತ್ರೀ ಅವನ ದಯಾ? ಬಾನೆಟ್ಟಿನಾಗ ಐತೋ, ಬಾಗಲದಾಗ ಐತೋ? ತೋರಸ್ರಿ ನನಗ. ಒಂದೊಂದು ತಗಡೂ ನನ್ನ ಕತ್ತರಿ ಕೆಳಗಿಂದ ಹೋಗೈತಿ, ಅವನ ದಯಾ ನಾ ಎಲ್ಲೂ ನೋಡಿಲ್ಲ!’

ಅವರು ಕಾರು ಚಾಲೂ ಮಾಡಿದರು. ಖಾಲಿ ಟ್ರಾಲಿ ಎಳೆದುಕೊಂಡು ಟ್ರ್ಯಾಕ್ಟರು ಮುಂದೆ ಹೋಯಿತು. ನಮ್ಮ ಕಾರು ತನ್ನ ಗಾಲಿಯ ಮೇಲೆ ಮೊದಲ ಸಲ ಮಕ್ತಲ್ ರಸ್ತೆಗಿಳಿಯಿತು. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಈ ಹೊತ್ತಿಗಾಗಿ ನಾನು ಎರಡು ವರ್ಷ ಕಾದಿದ್ದೆ. ಈಗ ಮುಖ ಗಂಟಿಕ್ಕಿಕೊಂಡು ಕೂತಿದ್ದೆ.

‘ಕಾರು ಉಳೀತಲ್ಲ, ಇನ್ನ ಬಿಡು’ ಎಂದರು ಇವರು.

‘ಉಳಿಯೂದೇನ್ರೀ? ಅದು ಮೊದಲಿಂದ ನಮ್ಮದ ಐತಿ.’

ಇವರು ಮುಂದಿನ ಟ್ರ್ಯಾಕ್ಟರನ್ನು ಹಿಂದೆ ಹಾಕಿದರು.

‘ಅದು ನನಗ ಗೊತ್ತೈತಿ’ ಎಂದರು ಆಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ. ‘ಕೈಗೆ ಗೊತ್ತಿಲ್ಲ ನೋಡು. ಅವರನ್ನ ಕಂಡ್ರ ತಾವ ಮುಗೀತಾವ.’

ನನ್ನ ಸಿಟ್ಟು ಇನ್ನಷ್ಟು ಏರಿತು. ಈ ಸಲ ಇವರ ಮೇಲಲ್ಲ.